ನೀಲಿಯ ದಿನಗಳಲ್ಲಿ ಕಂಡ ಕೆಂಪು

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ನಮ್ಮಕ್ಕನನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಾರೆ. ತೊಟ್ಟಿಯಿಂದ ಎತ್ತಿದ ನೂಲಿನ ಲಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಿರಾಕಿ ಕೊಟ್ಟ ಮಾದರಿ ತುಂಡಿನ ಪಕ್ಕದಲ್ಲಿಟ್ಟು, ಇನ್ನೊಂದು ಸಲ ಮುಳುಗಿಸಬೇಕು ಎಂದಳೆಂದರೆ ಯಜಮಾನರೂ ಎದುರಾಡುವುದಿಲ್ಲ. ಮನೆಯಲ್ಲೂ ಅದೇ ಕಥೆ. ಹಳದಿ ಅಂದರೆ ಸಾಲದು, ಯಾವ ಹಳದಿ ಎಂದು ಹೇಳಬೇಕು. ಭಾವ ಒಮ್ಮೆ ಹಸಿರು ಬಕೆಟ್ ಕೊಡು ಅಂದದ್ದಕ್ಕೆ, ಅದು ಹಸಿರಲ್ಲ ಗಿಳಿಹಸಿರು ಎಂದು ಇವಳು ವಾದಕ್ಕೆ ನಿಂತು, ಅಷ್ಟರಲ್ಲಿ ನಲ್ಲಿಯ ನೀರೇ ನಿಂತುಹೋಯಿತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿಯಂತೆ; ನಮ್ಮಕ್ಕನ ಕಣ್ಣಿಗೆ ಲೋಕವೆಲ್ಲ ಬಣ್ಣದ ತೊಟ್ಟಿ.

ಅವಳ ಎರಡೂ ಕಿಡ್ನಿ ಕೆಟ್ಟು ವರ್ಷಗಳೇ ಆದವು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಉಳಿದ ದಿನ ಕೆಲಸ. ಭಾರ ಎತ್ತುವುದನ್ನು ಬಿಡಿಸಿ ಯಜಮಾನರು ಅವಳನ್ನು ಲಡಿ ಜಾಲಿಸುವ ಕಡೆ ಹಾಕಿದ್ದಾರೆ. ಡಯಾಲಿಸಿಸ್ ಕೋಣೆಯಲ್ಲಿ ಮಲಗುವವರಲ್ಲೂ ದೊಡ್ಡವರು ಚಿಕ್ಕವರು ಎಂದಿರುತ್ತದೆ. ಯಾರಿಗೆ ಇನ್ನೂ ಒಂಚೂರು ಮೂತ್ರ ಹೋಗುತ್ತದೋ ಅವರೇ ಅಲ್ಲಿ ಶ್ರೀಮಂತರು. ಅಕ್ಕನಿಗೆ ದಿನಕ್ಕೆ ಅರ್ಧ ಲೋಟದಷ್ಟು ಹೋಗುತ್ತಿತ್ತು, ಅದಕ್ಕೇ ಅವಳಿಗೆ ಜಂಬ.

ನಾನು ಅವಳ ತಂಗಿ, ಬಸ್ಸಿನಲ್ಲಿ ಕಂಡಕ್ಟರ್. ಬಾಯಿ ಜೋರು, ಒಳಗೆ ಪುಕ್ಕಲು. ಭಾವನ ಕಿಡ್ನಿ ಅವಳಿಗೆ ಹೊಂದಲಿಲ್ಲ, ನನ್ನದು ಹೊಂದಿತು. ಒಂದನ್ನು ಅವಳಿಗೆ ಕೊಡಲು ನಾನು ಒಪ್ಪಿ, ಆಪರೇಷನ್ನಿನ ದಿನವೂ ಗೊತ್ತಾಗಿತ್ತು. ಬೇಸಿಗೆ ಮುಗಿಯುವುದರೊಳಗೆ ಮೆಷಿನ್ನಿಗೆ ನಮಸ್ಕಾರ ಹೊಡೆದು ಬರ್ತೀನಿ ಎಂದು ಅಕ್ಕ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

ಆಗಲೇ ಅವಳಿಗೆ ಬಚ್ಚಲಲ್ಲಿ ಕೆಂಪು ಕಂಡದ್ದು. ಕಾರ್ಖಾನೆಯಲ್ಲಿ ಆ ದಿನಗಳಲ್ಲಿ ಕೆಂಪು ನೂಲಿನದೇ ಕೆಲಸ. ಕೈ, ಉಗುರು, ಸೊಂಟಕ್ಕೆ ಕಟ್ಟಿದ ಬಟ್ಟೆ ಎಲ್ಲವೂ ಕೆಂಪು. ಮನೆಗೆ ಬಂದು ಸೋಪು ಹಚ್ಚಿ ತಿಕ್ಕಿದರೂ ನೆಲದ ಮೇಲೆ ಗುಲಾಬಿ ನೀರು ಹರಿಯುತ್ತಿತ್ತು. ಹಾಗಾಗಿ ಮೂತ್ರ ಮಾಡಿದ ಜಾಗದಲ್ಲಿ ಕೆಂಪು ಕಂಡರೆ ಅವಳು ಒಂದು ಚೊಂಬು ನೀರು ಸುರಿದು ಎದ್ದು ಬರುತ್ತಿದ್ದಳು. ಎರಡು ದಿನ ಕಂಡು ಆಮೇಲೆ ನಿಂತೂ ಹೋಯಿತು. ಹೊಸ ನೂಲು ಮೊದಮೊದಲು ಬಣ್ಣ ಬಿಡುತ್ತದೆ, ಜಾಲಿಸುತ್ತಾ ಹೋದರೆ ತಾನಾಗಿ ನಿಲ್ಲುತ್ತದೆ. ಇದು ಅವಳ ಕೆಲಸದ ಮೊದಲ ಪಾಠ. ನಿಂತಿತಲ್ಲ, ಹಾಗಾದರೆ ಬಣ್ಣವೇ ಎಂದು ಲೆಕ್ಕ ಹಾಕಿ, ಯಾರಿಗೂ ಹೇಳುವ ಮಾತೇ ಅಲ್ಲ ಎಂದುಕೊಂಡಳು.

ಆಮೇಲೆ ಶಾಲೆಯ ಸಮವಸ್ತ್ರದ ಕೆಲಸ ಬಂತು. ತೊಟ್ಟಿಗಳನ್ನೆಲ್ಲ ತೊಳೆದು ನೀಲಿ ತುಂಬಿಸಿದರು. ಅಕ್ಕನ ಕೈ ಮೊಣಕೈವರೆಗೆ ನೀಲಿಯಾಯಿತು, ನಾನು ಮಸಿ ಬಾಟಲಿ ಎಂದು ರೇಗಿಸುತ್ತಿದ್ದೆ.

ಒಂದು ರಜೆಯ ದಿನ ಬೆಳಿಗ್ಗೆ ನಾನು ಅವರ ಮನೆಯಲ್ಲಿದ್ದೆ. ಬಚ್ಚಲಿನಿಂದ ಅಕ್ಕ ನನ್ನನ್ನು ಕರೆದಳು. ಜೋರಾಗಿ ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಪಕ್ಕದಲ್ಲಿ ಯಾರೋ ಮಲಗಿದ್ದಾರೇನೋ ಅನ್ನುವಷ್ಟು ಮೆಲ್ಲಗೆ ಕರೆದಳು. ಹೋಗಿ ನೋಡಿದರೆ ಗೋಡೆಗೆ ಒರಗಿ ನಿಂತಿದ್ದಾಳೆ, ಎರಡೂ ಅಂಗೈ ನನ್ನ ಮುಂದೆ ಚಾಚಿದ್ದಾಳೆ.

"ನನ್ನ ಕೈ ನೋಡೇ. ಯಾವ ಬಣ್ಣ ಇದೆ?"

"ನೀಲಿ. ಯಾಕೆ?"

"ಹಾಗಾದ್ರೆ ಅದು ಎಲ್ಲಿಂದ ಬಂತು?"

ಬಿಳಿ ಕಲ್ಲಿನ ಮೇಲೆ ಕೆಂಪು ಇತ್ತು. ಹೋದ ಸಲದ್ದನ್ನು ಅವಳು ಆಗ ಹೇಳಿದಳು. ನನಗೆ ಕೆಟ್ಟ ಸಿಟ್ಟು ಬಂತು, ಬೈಯಲು ಬಾಯಿ ತೆರೆದೆ. ಅವಳ ಅಂಗೈ ಇನ್ನೂ ಚಾಚಿಯೇ ಇತ್ತು; ಹಿಡಿದು ಹೊರಗೆ ಕರೆತಂದೆ.

ಸ್ಕ್ಯಾನ್ ಆಯಿತು. ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಕೆಟ್ಟ ಕಿಡ್ನಿ ವರ್ಷಗಟ್ಟಲೆ ಒಳಗೇ ಉಳಿದಾಗ ಅದರಲ್ಲಿ ನೀರುಗುಳ್ಳೆಗಳು ಏಳುತ್ತವಂತೆ, ಕೆಲವರಲ್ಲಿ ಅಲ್ಲೇ ಕ್ಯಾನ್ಸರಿನ ಗಂಟು ಬೆಳೆಯುತ್ತದಂತೆ. ಬಹಳ ಕಾಲ ಡಯಾಲಿಸಿಸ್ ಮಾಡಿಸಿಕೊಂಡವರಿಗೆ ಉಳಿದವರಿಗಿಂತ ಇದರ ಅಪಾಯ ಹೆಚ್ಚು. ಅಕ್ಕನ ಎಡಗಡೆಯದರಲ್ಲಿ ಒಂದು ಗಂಟು ಇದೆ, ನೋಡಿದರೆ ಅದೇ ಅನ್ನಿಸುತ್ತದೆ, ಇಡೀ ಕಿಡ್ನಿ ತೆಗೆದುಬಿಡಬೇಕು.

ಅಕ್ಕ, "ಅದು ಸತ್ತು ಎಷ್ಟೋ ಕಾಲ ಆಯ್ತಲ್ಲ ಡಾಕ್ಟ್ರೇ. ಸತ್ತಿದ್ದು ಹೇಗೆ ಬೆಳೆಯುತ್ತೆ?" ಎಂದಳು.

"ಕೆಲಸ ನಿಲ್ಲಿಸಿದೆ ಅಷ್ಟೇ ಅಮ್ಮ, ಸತ್ತಿಲ್ಲ," ಎಂದರು ಅವರು.

ಆ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ನಾವೆಲ್ಲ ಅದನ್ನು ಕಳೆದುಹೋದ ಲೆಕ್ಕಕ್ಕೆ ಸೇರಿಸಿ ಮರೆತು ಕೂತಿದ್ದೆವು. ಅದು ಮಾತ್ರ ಒಳಗೊಳಗೇ ತನ್ನ ಕೆಲಸ ನಡೆಸಿತ್ತು. ಭಾವನ ಬಾಯಲ್ಲಿ ಆ ಹೆಸರೇ ಬರಲಿಲ್ಲ, 'ಆ ರೋಗ' ಎನ್ನುವಷ್ಟಕ್ಕೇ ಅವರ ನಾಲಿಗೆ ಒಣಗುತ್ತಿತ್ತು.

ಆಪರೇಷನ್ ಆಯಿತು. ಗಂಟು ಚಿಕ್ಕದು, ಕಿಡ್ನಿ ದಾಟಿ ಹೋದಂತೆ ಕಾಣುವುದಿಲ್ಲ ಎಂದರು. ನಾನು ಕುಣಿಯುವುದೊಂದು ಬಾಕಿ. ಹಾಗಾದರೆ ನನ್ನದನ್ನು ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. ಈಗಲೇ ಬೇಡ, ನೋಡಿಕೊಂಡು ಹೇಳೋಣ ಎಂದರು. ಹೊಸ ಕಿಡ್ನಿಯನ್ನು ಮೈ ಹೊರಗೆ ತಳ್ಳದಿರಲೆಂದು ಕೊಡುವ ಮಾತ್ರೆಗಳು ಮೈಯ ಕಾವಲನ್ನೇ ತಗ್ಗಿಸುತ್ತವೆ. ಎಲ್ಲಾದರೂ ಕ್ಯಾನ್ಸರಿನ ಒಂದು ಕಣ ಉಳಿದಿದ್ದರೆ ಅದಕ್ಕೆ ಹಬ್ಬ. ಬಲಗಡೆಯ ಕಿಡ್ನಿಯಲ್ಲೂ ಗುಳ್ಳೆಗಳಿವೆ, ಅದರ ಮೇಲೆ ಕಣ್ಣಿಟ್ಟಿರಬೇಕು. ಅಕ್ಕನನ್ನು ಉಳಿಸಲೆಂದು ನಾನು ಎತ್ತಿಟ್ಟ ಕಿಡ್ನಿಯೇ ಅವಳನ್ನು ಕೊಲ್ಲಬಹುದೇ ಎಂಬ ಯೋಚನೆ ಹತ್ತಿತು. ಬಸ್ಸಿನಲ್ಲಿ ಟಿಕೆಟ್ ಹರಿಯುವಾಗ ಒಂದು ಕೈ ತಾನಾಗಿ ನನ್ನ ಸೊಂಟದ ಮೇಲೆ ಹೋಗುತ್ತದೆ.

ಅಕ್ಕ ಮತ್ತೆ ಕಾರ್ಖಾನೆಗೆ ಹೋಗುತ್ತಿದ್ದಾಳೆ. ಈಗಲೂ ಅವಳು ಸರಿ ಎನ್ನದೆ ಲಡಿ ಹೊರಗೆ ಹೋಗುವುದಿಲ್ಲ. ಮನೆಯಲ್ಲಿ ಮಾತ್ರ ಅವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಹೋಗಿದೆ. ಅರ್ಧ ಲೋಟ ಹೋಗುತ್ತಿದ್ದ ಮೂತ್ರ ಈಗ ಲೋಟದ ತಳ ಮುಚ್ಚುವಷ್ಟಕ್ಕೆ ಇಳಿದಿದೆ. ಬಚ್ಚಲಿಗೆ ಹೋಗಿ ಬಂದವಳು ನೀರು ಹಾಕದೆ ಬಾಗಿಲ ಹೊರಗೆ ನಿಲ್ಲುತ್ತಾಳೆ. ಭಾವನೋ ನಾನೋ ಹೋಗಿ ನೋಡಿ ಹೇಳಬೇಕು. ಭಾವ ನೋಡಿ ಹೇಳಿದರೆ ಅವಳಿಗೆ ಸಮಾಧಾನವಿಲ್ಲ, ಅವರಿಗೆ ಗಿಳಿಹಸಿರೇ ಗೊತ್ತಿಲ್ಲವಲ್ಲ.

ನಿನ್ನೆ ಸಂಜೆ ನನ್ನ ಸರದಿ. ಲೈಟು ಹಾಕಿ, ಬಗ್ಗಿ ನೋಡಿದೆ. ಜೀವ ಬಂದಂತಾಯಿತು.

"ಹಳದಿ, ಅಕ್ಕ," ಎಂದೆ.

"ಯಾವ ಹಳದಿ?" ಎಂದಳು ಬಾಗಿಲ ಆಚೆಯಿಂದ.

ನಾನು ಮತ್ತೆ ಬಗ್ಗಿ ನೋಡಿದೆ.