ದೇವಕಿ ಅತ್ತೆಯ ಹ್ಯಾಕ್ಸಾಗಳು

ಕಬ್ಬಿಣ ಕೊಯ್ಯುವಾಗ ಒಂದು ವಾಸನೆ ಏಳುತ್ತದೆ. ಸುಟ್ಟ ವಾಸನೆಯೂ ಅಲ್ಲ, ತುಕ್ಕಿನದ್ದೂ ಅಲ್ಲ. ಬಿಸಿಯಾದ ಲೋಹಕ್ಕೆ ತೆಂಗಿನೆಣ್ಣೆಯ ಹನಿ ತಾಗಿದಾಗ ಬರುವಂಥದ್ದು, ಮೂಗಿನ ಬುಡದಲ್ಲಿ ಬಂದು ಕೂರುವಂಥದ್ದು. ಮೊನ್ನೆ ಪುತ್ತೂರು ಪೇಟೆಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಬರುತ್ತಿದ್ದೆ. ಕಿಟಕಿಯ ಸರಳು ಮಾಡುವ ಅಂಗಡಿಯೊಳಗೆ ಯಾರೋ ಕೈಯಿಂದಲೇ ಕಬ್ಬಿಣ ಕೊಯ್ಯುತ್ತಿದ್ದರು. ಆ ವಾಸನೆ ಬಂದದ್ದೇ ನನ್ನ ಕಾಲು ಅಲ್ಲೇ ನಿಂತಿತು. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು. ಅದರ ಹಿಂದೆ ಈಗ ಇಲ್ಲದ ಮನೆಯೊಂದು, ಈಗ ಇಲ್ಲದ ಜನರು ಇದ್ದಾರು. ನನಗೆ ಅದು ಕಬಕದ ನಮ್ಮ ಮನೆ, ಅಪ್ಪನ ಅಕ್ಕ ದೇವಕಿ ಅತ್ತೆ.

ರಸ್ತೆ ಬದಿಗೆ ಅಪ್ಪನ ಹೋಟೆಲು, ಅದರ ಹಿಂದೆ ಮನೆ, ಹೋಟೆಲಿನ ಪಕ್ಕಕ್ಕೆ ತಾಗಿ, ರಸ್ತೆಗೆ ಬೆನ್ನು ಹಾಕಿದ ಸೌದೆ ಪೇರಿಸುವ ಕೊಟ್ಟಿಗೆ. ಅತ್ತೆಯ ಗಂಡ ಬಸ್ಸಿನ ಮೆಕ್ಯಾನಿಕ್ ಆಗಿದ್ದವರು, ಜ್ವರದಲ್ಲಿ ತೀರಿಕೊಂಡರು. ನಾನು ಹುಟ್ಟುವ ಮೊದಲೇ ಅತ್ತೆ ತವರಿಗೆ ಬಂದಾಗ ತಂದದ್ದು ಒಂದು ಬಟ್ಟೆಯ ಗಂಟು ಮತ್ತು ಗಂಡನ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಹ್ಯಾಕ್ಸಾಗಳಿದ್ದವು, ಕಬ್ಬಿಣ ಕೊಯ್ಯುವ ಗರಗಸಗಳು. ಗಂಡನಿದ್ದಾಗ ಅವರ ಪಕ್ಕ ಕೂತು ಕೆಲಸ ಕಲಿತಿದ್ದರಂತೆ. ಸೌದೆಯನ್ನು ಒಂದು ಮೂಲೆಗೆ ಸರಿಸಿ, ಹಲಸಿನ ದಪ್ಪ ಹಲಗೆಗೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸ್ ಬಿಗಿದು, ಅತ್ತೆ ಅಲ್ಲೇ ತನ್ನ ಲೋಕ ಮಾಡಿಕೊಂಡರು. ಅಪ್ಪನಿಗೆ ಅದು ಇಷ್ಟವಿರಲಿಲ್ಲ. "ಹೆಂಗಸು ಕಬ್ಬಿಣ ಕೊಯ್ಯುದು ಎಲ್ಲಾದರೂ ಉಂಟಾ ಅಕ್ಕ? ಹೋಟೆಲಿಗೆ ಬಂದವರು ಕೇಳ್ತಾರೆ" ಎನ್ನುತ್ತಿದ್ದರು. ಅತ್ತೆ ವಾದ ಮಾಡುತ್ತಿರಲಿಲ್ಲ. ಸದ್ದು ಹೊರಗೆ ಹೋಗದ ಹಾಗೆ ರಸ್ತೆ ಕಡೆಯ ಗೋಡೆಗೆ ಗೋಣಿ ತೂಗುಹಾಕಿ ಕೆಲಸ ಮುಂದುವರಿಸುತ್ತಿದ್ದರು.

ಆ ಕೊಟ್ಟಿಗೆಯ ಗೋಡೆ ನನಗೆ ದೇವರ ಕೋಣೆಗಿಂತ ದೊಡ್ಡದಾಗಿ ಕಾಣುತ್ತಿತ್ತು. ಸಾಲಾಗಿ ನೇತುಹಾಕಿದ ಹ್ಯಾಕ್ಸಾ ಫ್ರೇಮುಗಳು. ಒಂದಕ್ಕೆ ಬೀಟೆ ಮರದ ಹಿಡಿ, ಹಿಡಿದು ಹಿಡಿದು ಕನ್ನಡಿಯಂತಾಗಿತ್ತು. ಒಂದಕ್ಕೆ ಹಿತ್ತಾಳೆಯ ಹಿಡಿ, ಅದರ ಮೇಲೆ ಸಣ್ಣ ಹೂಬಳ್ಳಿ. ಉದ್ದ ಹೆಚ್ಚು ಕಡಿಮೆ ಮಾಡುವಂಥದ್ದು ಒಂದು, ಅಕ್ಕಸಾಲಿಗರದ್ದಿರಬೇಕು ಎನ್ನುವಷ್ಟು ಪುಟ್ಟದ್ದು ಇನ್ನೊಂದು. ಗುಜರಿ ವ್ಯಾಪಾರದ ಮೋನು ಬ್ಯಾರಿಗಳು ಮಂಗಳೂರಿಗೆ ಹೋದಾಗಲೆಲ್ಲ ಅತ್ತೆಗಾಗಿ ಹುಡುಕುತ್ತಿದ್ದರು. "ದೇವಕಿಯಮ್ಮ, ಇದನ್ನೊಮ್ಮೆ ನೋಡಿ. ಬಂದರಿನಲ್ಲಿ ಸಿಕ್ಕಿದ್ದು, ಹಡಗಿನದ್ದಂತೆ" ಎಂದು ಗೋಣಿ ಬಿಚ್ಚುವಾಗ ಅವರ ಮುಖದಲ್ಲೂ ಹಬ್ಬವಿರುತ್ತಿತ್ತು. ಅತ್ತೆ ಫ್ರೇಮನ್ನು ಕಣ್ಣಿನ ನೇರಕ್ಕೆ ಹಿಡಿದು ಬಾಗಿದೆಯೇ ಎಂದು ನೋಡುತ್ತಿದ್ದರು. ಬ್ಲೇಡು ಹಾಕಿ, ಕಿವಿಯಿರುವ ನಟ್ಟನ್ನು ತಿರುಗಿಸಿ ಬಿಗಿದು, ಉಗುರಿನಿಂದ ಮೀಟುತ್ತಿದ್ದರು. ಅದು ತಂಬೂರಿಯ ಹಾಗೆ ಟಿಣ್ ಎನ್ನಬೇಕು. ಮಂಕಾಗಿ ಸದ್ದು ಮಾಡಿದರೆ, ಎಷ್ಟೇ ಚಂದವಿದ್ದರೂ, ಬ್ಯಾರಿಗಳ ಗೋಣಿಗೇ ವಾಪಸು.

ಬ್ಲೇಡುಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ದೊಡ್ಡ ಹಲ್ಲಿನವು ದಪ್ಪ ಸರಳಿಗೆ, ಸಣ್ಣ ಹಲ್ಲಿನವು ತಗಡಿಗೆ, ಕೊಳವೆಗೆ. "ಯಾವಾಗಲೂ ಮೂರು ಹಲ್ಲಾದರೂ ಒಟ್ಟಿಗೆ ಕಬ್ಬಿಣವನ್ನು ಕಚ್ಚಬೇಕು ಮಗಾ. ಇಲ್ಲದಿದ್ರೆ ಹಲ್ಲೇ ಉದುರಿ ಹೋಗ್ತದೆ" ಎಂದು ನನ್ನ ಹೆಬ್ಬೆರಳನ್ನು ಬ್ಲೇಡಿನ ಮೇಲೆ ಮೆಲ್ಲ ಇಟ್ಟು ತೋರಿಸಿದ್ದರು. ಹಲ್ಲುಗಳ ಮೊನೆ ಮುಂದಕ್ಕಿರಬೇಕು. ತಳ್ಳುವಾಗ ಒತ್ತು, ಎಳೆಯುವಾಗ ಹಗುರ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಒಂದು ಕಾಲು ಮುಂದಿಟ್ಟು, ಅತ್ತೆ ಕೊಯ್ಯತೊಡಗಿದರೆ ಕೈ ಮಾತ್ರವಲ್ಲ, ಭುಜ, ಬೆನ್ನು, ಉಸಿರು ಎಲ್ಲ ಒಂದೇ ಲಯಕ್ಕೆ ಬರುತ್ತಿದ್ದವು. ಕಬ್ಬಿಣದಂಥ ಕಬ್ಬಿಣ ಈ ಸಪೂರ ಹೆಂಗಸಿನ ಮುಂದೆ ಎರಡಾಗುತ್ತದಲ್ಲ ಎಂದು ನಾನು ಬಾಯಿ ತೆರೆದು ನೋಡುತ್ತಿದ್ದೆ.

ಆಗ ನನಗೆ ಏಳೋ ಎಂಟೋ ವಯಸ್ಸು. ಒಂದು ಮಧ್ಯಾಹ್ನ ಮೋನು ಬ್ಯಾರಿಗಳು ತಂದ ಗುಜರಿಯಲ್ಲಿ ಒಂದು ಉಕ್ಕಿನ ಬಳೆ ಸಿಕ್ಕಿತು. ಯಾವುದೋ ಲಾರಿಯ ಭಾಗ. ಬೆರಳಿನಷ್ಟು ದಪ್ಪ, ಎಣ್ಣೆ ಮೆತ್ತಿ ಹೊಳೆಯುತ್ತಿತ್ತು. ಹಿಂದಿನ ವಾರವಷ್ಟೇ ಮದುವೆ ಮನೆಯಲ್ಲಿ ಮದುಮಗಳ ಬಳೆ ನೋಡಿ ಬಂದಿದ್ದ ನಾನು ಕೈ ಮುದುರಿ ಅದನ್ನು ತೊಟ್ಟುಕೊಂಡೆ. ಹೋಗುವಾಗ ಹೋಯಿತು, ಬರುವಾಗ ಬರಲಿಲ್ಲ. ಎಳೆದಷ್ಟೂ ಮಣಿಕಟ್ಟು ಊದಿತು. ಅಜ್ಜಿ ಎಣ್ಣೆ ಹಚ್ಚಿ ತಿಕ್ಕಿದರು, ಸಾಬೂನು ಹಾಕಿದರು, ಬಾವಿಯ ತಣ್ಣೀರಿನಲ್ಲಿ ಕೈ ಅದ್ದಿಸಿದರು. ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಅಳತೊಡಗಿದರು. ಅಪ್ಪ ಹೋಟೆಲಿನಿಂದ ಓಡಿ ಬಂದರು. ಪುತ್ತೂರಿನ ಡಾಕ್ಟರಲ್ಲಿಗೆ ಹೋಗುವ ಎಂದರೆ ಬಸ್ಸು ಆಗಷ್ಟೇ ಹೋಗಿತ್ತು.

"ನಾನು ಕೊಯ್ತೇನೆ" ಎಂದರು ಅತ್ತೆ.

"ಮಗುವಿನ ಕೈ ಅಕ್ಕ! ತಾಗಿದರೆ?"

"ತಾಗುದೇ ಇಲ್ಲ ಅಂತ ನಾನು ಹೇಳುದಿಲ್ಲ. ನಿಧಾನ ಮಾಡ್ತೇನೆ. ಅವಳ ಬೆರಳು ನೋಡು, ಕಾಯ್ಲಿಕ್ಕೆ ಆಗ್ತದಾ?"

ಅಪ್ಪ ನನ್ನನ್ನು ಎತ್ತಿ ಸ್ಟೂಲಿನ ಮೇಲೆ ನಿಲ್ಲಿಸಿದರು. ಅತ್ತೆ ಬಿಸ್ಕತ್ತಿನ ಡಬ್ಬದ ತಗಡಿನಿಂದ ಸಪೂರ ಪಟ್ಟಿ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಬಳೆಗೂ ಚರ್ಮಕ್ಕೂ ನಡುವೆ ಹೇಗೋ ತೂರಿಸಿದರು. ಬಳೆಯ ಕೆಳಗಿನ ಅಂಚನ್ನು ವೈಸಿಗೆ ಕೊಟ್ಟು ಅಲುಗದಂತೆ ಮಾಡಿದರು. ಬ್ಲೇಡು ಆರಿಸುವಾಗ ಅವರ ಕೈ ದೊಡ್ಡ ಹಲ್ಲಿನದರ ಮೇಲೆ ಒಂದು ಕ್ಷಣ ನಿಂತಿತು. ಅದರಲ್ಲಿ ಬೇಗ ಆಗುತ್ತದೆ, ಆದರೆ ಹಾರುತ್ತದೆ, ಅದುರುತ್ತದೆ. ಎಲ್ಲಕ್ಕಿಂತ ಸಣ್ಣ ಹಲ್ಲಿನದನ್ನು ತೆಗೆದರು. ಮೋನು ಬ್ಯಾರಿಗಳು ಮೂತಿಯಿರುವ ಕಿಂಡಿ ಚೆಂಬಿನಲ್ಲಿ ನೀರು ಹಿಡಿದು ನಿಂತರು. "ನೀನು ಕೈ ನೋಡ್ಬೇಡ. ನನ್ನ ಮುಖ ನೋಡು" ಎಂದರು ಅತ್ತೆ.

ನೋಡಿದೆ. ಇವತ್ತಿಗೂ ಅದೇ ಮುಖ ಕಣ್ಣಮುಂದಿದೆ. ಹುಬ್ಬು ಗಂಟಿಕ್ಕಿರಲಿಲ್ಲ, ತುಟಿ ಕಚ್ಚಿರಲಿಲ್ಲ. ನಿದ್ದೆ ಹೋದ ಮಗುವನ್ನು ಚಾಪೆಗೆ ಇಳಿಸುವವರ ಮುಖ. ಸದ್ದು ಕಿವಿಯಿಂದ ಬರುತ್ತಿರಲಿಲ್ಲ, ಎಲುಬಿನೊಳಗಿಂದ ಏರಿ ಹಲ್ಲಿಗೆ ಬರುತ್ತಿತ್ತು. ಬಳೆ ಬಿಸಿಯಾಗುತ್ತಿತ್ತು, ನೀರು ಬಿದ್ದು ತಣ್ಣಗಾಗುತ್ತಿತ್ತು. ಅರ್ಧದಲ್ಲಿ ಟಕ್ ಎಂದಿತು. ಅಜ್ಜಿ ಕಿರುಚಿದರು. "ಎಂತ ಇಲ್ಲ, ಬ್ಲೇಡು ತುಂಡಾದದ್ದು" ಎಂದು ಅತ್ತೆ ಇನ್ನೊಂದನ್ನು ಬಿಗಿದು, ಉಗುರಿನಿಂದ ಮೀಟಿ ಕೇಳಿಯೇ ಮತ್ತೆ ಶುರುಮಾಡಿದರು. ಒಂದು ಬದಿ ಬಿಟ್ಟಿತು, ಆದರೆ ಉಕ್ಕು ಬಾಗಲಿಲ್ಲ. ಬಳೆಯನ್ನು ತಿರುಗಿಸಿ ಇನ್ನೊಂದು ಬದಿ. ಕೊನೆಯ ಎಳೆಗೆ ಫ್ರೇಮನ್ನೂ ಬದಿಗಿಟ್ಟು, ಬರೀ ಬ್ಲೇಡಿಗೆ ಬಟ್ಟೆ ಸುತ್ತಿ ಬೆರಳಿನಲ್ಲೇ ಉಜ್ಜಿದರು. ಬಳೆ ಎರಡು ಹೋಳಾಗಿ ನೆಲಕ್ಕೆ ಬಿತ್ತು. ಕೈಗೆ ರಕ್ತ ಹರಿದು ಸಾವಿರ ಇರುವೆ ಕಚ್ಚಿದಂತಾದಾಗ ಮಾತ್ರ ನಾನು ಅತ್ತದ್ದು. ಚರ್ಮದ ಮೇಲೆ ಒಂದು ಗೀರೂ ಇರಲಿಲ್ಲ. ಅಜ್ಜಿ ತಂದುಕೊಟ್ಟ ಕಾಫಿಯ ಲೋಟವನ್ನು ಹಿಡಿಯಲು ಹೋದಾಗ ಅತ್ತೆಯ ಎರಡೂ ಕೈ ನಡುಗಿ ಕಾಫಿ ಸೀರೆಗೆ ಚೆಲ್ಲಿತು. ಆಗ ಅಪ್ಪ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ಲೋಟವನ್ನು ತಾನೇ ಹಿಡಿದು ಕುಡಿಸಿದರು.

ಮರುದಿನ ಅಪ್ಪ ಗೋಣಿ ಕಿತ್ತೆಸೆದು ರಸ್ತೆ ಕಡೆಯ ಗೋಡೆ ಒಡೆಸಿ ಬಾಗಿಲಿಡಿಸಿದರು. ಆಮೇಲೆ ಜನ ಬರತೊಡಗಿದರು. ಸೈಕಲ್ಲು, ಗೇಟು, ಕೊಡೆಯ ಕಡ್ಡಿ, ಹೊಲಿಗೆ ಯಂತ್ರದ ಕಾಲು ಹೊತ್ತುಕೊಂಡು ಎಲ್ಲೆಲ್ಲಿಂದಲೋ ಬಂದರು. ಕಣ್ಣಿಗೆ ಪೊರೆ ಬಂದ ಮೇಲೂ ಅತ್ತೆ ಹೆಬ್ಬೆರಳಿನಲ್ಲಿ ಸವರಿ ಬ್ಲೇಡು ಆರಿಸುತ್ತಿದ್ದರು.

ಅತ್ತೆ ಹೋದರು, ಅಪ್ಪ ಹೋದರು. ರಸ್ತೆ ಅಗಲವಾಗಿ ಹೋಟೆಲೂ ಮನೆಯೂ ಕೊಟ್ಟಿಗೆಯೂ ನೆಲಸಮವಾದವು. ಆ ದಿನಗಳಲ್ಲಿ ಒಮ್ಮೆ ನಾನಲ್ಲಿ ನಿಂತಿದ್ದಾಗ ಸುಳ್ಯ ಕಡೆಯ ವಯಸ್ಸಾದವರೊಬ್ಬರು ಹೆಗಲ ಮೇಲೆ ನೇಗಿಲಿನ ಗುಳ ಹೊತ್ತು ಬಂದರು. "ಇಲ್ಲಿ ಕಬ್ಬಿಣ ಕೊಯ್ಯುವ ಒಬ್ರು ಅಮ್ಮ ಇದ್ರಲ್ಲ? ಗುತ್ತಿಗಾರಿನಿಂದ ಬಂದದ್ದು ನಾನು."

"ತೀರಿಕೊಂಡ್ರು ಅಜ್ಜ."

ಅವರು ರಸ್ತೆಗೆಂದು ಹಾಕಿದ ಹೊಸ ಜಲ್ಲಿಯ ರಾಶಿಯನ್ನು ನೋಡಿದರು. ಗುಳವನ್ನು ಕೆಳಗಿಟ್ಟು, ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದುಕೊಂಡು, ಏನೂ ಇಲ್ಲದ ಆ ಜಾಗದ ಮುಂದೆ ನಿಂತರು. ನಾನೂ ಅವರ ಪಕ್ಕ ನಿಂತೆ.