ಸುಟ್ಟ ನಳಿಗೆಯ ಅಡಿಯ ಅಂಕಿ

ಬೆಳಗಿನ ಆರೂವರೆ. ಪೂರ್ವದ ಕಿಟಕಿಯಿಂದ ಎಳೆಬಿಸಿಲು ಮೇಜಿನ ಮೇಲೆ ಓರೆಯಾಗಿ ಬಿದ್ದಿದೆ. ಐವತ್ತೆಂಟರ ಹೆಂಗಸೊಬ್ಬರು ಸುಟ್ಟು ಕರಕಲಾದ ರೈಫಲ್ಲಿನ ನಳಿಗೆಯನ್ನು ಬೆಳಕಿಗೆ ಹಿಡಿದು ಇಷ್ಟಿಷ್ಟೇ ತಿರುಗಿಸುತ್ತಾರೆ, ಎಣ್ಣೆ ಹಚ್ಚಿ ಮೆತ್ತನೆಯ ಬ್ರಷ್ಷಿನಿಂದ ಮಸಿ ತೆಗೆಯುತ್ತಾರೆ. "ಸವೆದ ಅಂಕಿ ಓರೆ ಬೆಳಕಿಗೇ ಕಾಣೋದು. ಮರಳುಕಾಗದ ಹಾಕಿ ಉಜ್ಜಿದ್ರೆ ಕಥೆ ಮುಗೀತು," ಎನ್ನುತ್ತಾರೆ.

ಬೀದಿಯವರಿಗೆಲ್ಲ ಇವರು ಬಂದೂಕಿನಕ್ಕ. ಮದುವೆಯಾಗಿ ಬಂದಾಗ ಮಾವ ಬಂದೂಕು ರಿಪೇರಿ ಮಾಡುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಸೊಸೆ ಅಂಕಿ ಓದಿ ಹೇಳತೊಡಗಿದರು; ಹೇಳುತ್ತ ಹೇಳುತ್ತ ಲೋಹ ಉಜ್ಜುವ ಅರವೂ ಕೈಗೆ ಬಂತು. ಅದಕ್ಕೀಗ ಮೂವತ್ತೊಂದು ವರ್ಷ. ತಿಂಗಳಿಗೆ ನಾಲ್ಕೈದು ಬಂದೂಕು, ಲೈಸೆನ್ಸ್ ನೋಡದೆ ಒಂದನ್ನೂ ಮುಟ್ಟುವುದಿಲ್ಲ. ಈಗಲೂ ಬಾಗಿಲಿಗೆ ಬಂದವರು ಯಜಮಾನರಿಲ್ಲವೇ ಎಂದು ಕೇಳುತ್ತಾರೆ. ಯಜಮಾನರು ಒಳಗೆ ತರಕಾರಿ ಹೆಚ್ಚುತ್ತಿರುತ್ತಾರೆ.

ಈ ರೈಫಲ್ಲು ನಿವೃತ್ತ ಮೇಷ್ಟ್ರೊಬ್ಬರದು. ಮನೆಗೆ ಬೆಂಕಿ ಬಿದ್ದಾಗ ತಂದೆಯ ರೈಫಲ್ಲು ಬೂದಿಯಲ್ಲಿ ಸಿಕ್ಕಿತು. ಮರದ ಹಿಡಿ ಅರ್ಧ ಇದ್ದಿಲು. ಇದು ಯಾವ ಕಾಲದ್ದು, ಮತ್ತೆ ಗುಂಡು ಹಾರಿಸಬಹುದೇ ಎಂದು ಕೇಳಿಕೊಂಡು ಬಂದರು. ಎರಡನೆಯದಕ್ಕೆ ಅಕ್ಕ ಮುಲಾಜಿಲ್ಲದೆ ಉತ್ತರ ಕೊಟ್ಟರು. "ಬೆಂಕೀಲಿ ಉಕ್ಕಿನ ಕಸುವು ಹೋಗಿದೆ, ಮೇಷ್ಟ್ರೇ. ಹಾರಿಸಿದ್ರೆ ಮೊದಲು ಹೋಗೋದು ನಿಮ್ಮ ಮುಖ."

ಮೊದಲನೆಯದು ತಡವಾಯಿತು. ನಳಿಗೆಯ ಬಾಯಿಂದ ಮದ್ದು ತುಂಬುವ, ನೂರೈವತ್ತು ವರ್ಷ ಹಳೆಯ ರೈಫಲ್ಲು ಎಂಬುದೇನೋ ಬೇಗ ತಿಳಿಯಿತು. ಆದರೆ ಅಂಕಿ ಕಂಡದ್ದು ಹನ್ನೊಂದನೆಯ ದಿನ, ಅಕ್ಕನ ಕೆಲಸ ನೋಡಲು ಹೋಗಿ ನಾನು ಪಕ್ಕದಲ್ಲಿ ಕೂತಿದ್ದ ಆ ಬೆಳಿಗ್ಗೆಯೇ. ಮರದಡಿ ಉಳಿದುಕೊಂಡಿದ್ದ ನಳಿಗೆಯ ಅಂಕಿ ನಲವತ್ತೊಂದು. ಕುದುರೆ, ಅಂದರೆ ಮದ್ದಿಗೆ ಕಿಡಿ ಕೊಡಲು ಬಡಿಯುವ ಸುತ್ತಿಗೆ, ಕೂರುವ ತಟ್ಟೆಯ ಒಳಮೈಯಲ್ಲಿ ಮಾತ್ರ ನಲವತ್ತೆರಡು. ಒಂದೇ ಬಂದೂಕಿನ ಭಾಗಗಳಿಗೆ ಒಂದೇ ಅಂಕಿ ಇರಬೇಕು.

ಇದಕ್ಕೊಂದು ಜೋಡಿ ಇತ್ತೇ ಎಂದು ಅಕ್ಕ ಮೇಷ್ಟ್ರನ್ನು ಕರೆಸಿ ಕೇಳಿದರು. ಇತ್ತು, ಮೇಷ್ಟ್ರ ದೊಡ್ಡಪ್ಪನ ಬಳಿ. ಆಸ್ತಿ ಪಾಲಾದ ದಿನದಿಂದ ಆ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲವೆಂದು ಮನೆಯ ಮಾತು. ಮಕ್ಕಳೂ ಹಾಗೆಯೇ ಉಳಿದಿದ್ದರು. ಆದರೆ ಪಾಲಿನ ನಂತರ ಮಾಡಿಸಿದ, ಬೆಂಕಿಯಿಂದ ಉಳಿದ ತಂದೆಯ ಹಳೆಯ ಲೈಸೆನ್ಸಿನಲ್ಲಿ ನಳಿಗೆಗೂ ತಟ್ಟೆಗೂ ನಲವತ್ತೊಂದೇ ಇದೆ.

"ಎರಡನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿ ಒರೆಸಿದಾಗ ಹೀಗೆ ಅದಲುಬದಲಾಗುತ್ತೆ," ಎಂದರು ಅಕ್ಕ. "ಪಾಲಾದ ಮೇಲೂ ಅವರಿಬ್ರೂ ಜೊತೇಲಿ ಕೂತಿದ್ದಾರೆ, ಮೇಷ್ಟ್ರೇ."

ಮರುದಿನ ಮೇಷ್ಟ್ರು ಎರಡು ಬೀದಿ ಆಚೆಗಿನ ದೊಡ್ಡಪ್ಪನ ಮಗನ ಬಾಗಿಲು ತಟ್ಟಿದರು. ಸಂಜೆಗೆ ಇಬ್ಬರೂ ಇನ್ನೊಂದು ರೈಫಲ್ಲಿನೊಂದಿಗೆ ಬಂದರು. ಅದರ ನಳಿಗೆ ನಲವತ್ತೆರಡು, ತಟ್ಟೆ ನಲವತ್ತೊಂದು. ಸರಿಮಾಡಿ ಕೊಡಲೇ ಎಂದು ಅಕ್ಕ ಕೇಳಿದರು. ದೊಡ್ಡಪ್ಪನ ಮಗ ತಟ್ಟೆಯನ್ನೇ ನೋಡುತ್ತ ಹೇಳಿದರು: "ಬೇಡ. ಅವರು ಬಿಟ್ಟ ಹಾಗೇ ಇರಲಿ."

ಹಿಡಿಗೆ ಹಳೆಯ ಮಂಚದ ಕಾಲಿನ ಮರ ಕೂಡಿಸಲು ಇನ್ನೂ ಮೂರು ವಾರ ಹಿಡಿಯಿತು. ಒಪ್ಪಿಸುವ ದಿನ, ಹೊಸ ಮರ ಎಲ್ಲಿಂದ ಶುರು ಎಂದು ಮೇಷ್ಟ್ರು ಕೇಳಿದರಂತೆ.

"ನೀವೇ ಹುಡುಕಿ ಅಂದೆ. ಮೂರು ಸಲ ಕೈಯಾಡಿಸಿದ್ರು, ಕನ್ನಡಕ ಹಾಕ್ಕೊಂಡೂ ನೋಡಿದ್ರು. ಸಿಗಲಿಲ್ಲ," ಎನ್ನುತ್ತ, ನಾನು ಮತ್ತೆ ಹೋದಾಗ, ಅಕ್ಕ ಸೆರಗಿನ ಮರದ ಪುಡಿ ಕೊಡವಿಕೊಳ್ಳುತ್ತಾರೆ. "ನಾನೂ ತೋರಿಸಲಿಲ್ಲ."