ಗೋತ್ರ ಗೊತ್ತಿಲ್ಲದ ಬೀಗರು

ವೆಸ್ಟ್ ಇಂಡೀಸ್ ಎಂಬ ದೇಶವೇ ಭೂಪಟದಲ್ಲಿ ಇಲ್ಲವೆಂಬ ಸತ್ಯ ನನಗೆ ಗೊತ್ತಾದದ್ದು ತಲೆ ನೆರೆತ ಮೇಲೆ, ಅದೂ ಮಗಳ ಮದುವೆಯ ಮಾತು ಮನೆಗೆ ಬಂದ ಮೇಲೆ. ಟ್ರಾನ್ಸಿಸ್ಟರನ್ನು ಕಿವಿಗೊತ್ತಿಕೊಂಡು ಬೆಳೆದ ನನ್ನ ತಲೆಮಾರಿನ ಗಂಡಸರಿಗೆ ಅದು ನಮ್ಮ ಬ್ಯಾಟ್ಸ್‌ಮನ್ನರ ಪಕ್ಕೆಲುಬು ಮುರಿಯಲೆಂದೇ ಅವತರಿಸಿದ ಆಜಾನುಬಾಹು ಬೌಲರುಗಳ ಅಖಂಡ ಸಾಮ್ರಾಜ್ಯವಾಗಿತ್ತು. ಅದು ದೇಶವಲ್ಲ, ಹಲವು ದ್ವೀಪಗಳು ಕೂಡಿ ಆಡುವ ಒಂದು ತಂಡ ಮಾತ್ರ ಎಂದು ಮಗಳು ನಿಧಿ ತಿಳಿಸಿದಾಗ, ಓದುಗ ಮಹಾಶಯರೇ, ಅಮೆರಿಕದ ಕಾರ್ಮೆಲ್ ವ್ಯಾಲಿಯ ನಮ್ಮ ಅಡುಗೆಮನೆಯಲ್ಲಿ ನಿಂತಲ್ಲೇ ನನ್ನ ಭೂಗೋಳಜ್ಞಾನ ಕ್ಲೀನ್ ಬೌಲ್ಡ್ ಆಯಿತು.

ನಿಧಿ ಮೆಚ್ಚಿದ ಹುಡುಗ ಡ್ಯಾರನ್, ಪಸಡೀನಾದಲ್ಲಿ ಧೂಮಕೇತುಗಳನ್ನು ಅಭ್ಯಾಸ ಮಾಡುವ ವಿಜ್ಞಾನಿ. ಅವನ ಮನೆಯವರು ಟ್ರಿನಿಡಾಡಿನಿಂದ ಬಂದು ಲಾಂಗ್ ಬೀಚಿನಲ್ಲಿ ನೆಲೆಸಿದವರು. ಅಂದಿನಿಂದ ನಾನು ಪರೀಕ್ಷೆ ಹತ್ತಿರ ಬಂದ ದಡ್ಡ ವಿದ್ಯಾರ್ಥಿಯಂತೆ ಆ ದ್ವೀಪವನ್ನು ಉರು ಹೊಡೆಯತೊಡಗಿದೆ. ಆಕಾಶ ತಿಳಿಯಾಗಿದ್ದ ದಿನ ವೆನೆಜುವೆಲಾದ ಬೆಟ್ಟಗಳು ಕಣ್ಣಿಗೆ ಬೀಳುವಷ್ಟು ದಕ್ಷಿಣ ಅಮೆರಿಕಕ್ಕೆ ಅಂಟಿಕೊಂಡ ನೆಲ ಅದು. ಜೊತೆಗೆ ಟೊಬೇಗೊ ಎಂಬ ಪುಟ್ಟ ತಂಗಿ ದ್ವೀಪ. ಡಾಂಬರು ತಾನಾಗಿಯೇ ಉಕ್ಕುವ ಒಂದು ಸರೋವರವೂ ಅಲ್ಲಿದೆಯೆಂದು ಓದಿ, ಬೆಂಗಳೂರಿನ ರಸ್ತೆಗಳನ್ನು ನೆನೆದು ನಿಟ್ಟುಸಿರು ಬಿಟ್ಟೆ. ಸ್ಪೇನಿನವರು ಹೆಸರಿಟ್ಟರು, ಫ್ರೆಂಚರು ಕಾರ್ನಿವಲ್ ಕೊಟ್ಟರು, ಇಂಗ್ಲಿಷರು ಆಳಿದರು. ಆಫ್ರಿಕದಿಂದ ಗುಲಾಮರನ್ನಾಗಿ ಎಳೆದು ತಂದವರ ಸಂತತಿಯೂ, ಕಬ್ಬಿನ ಗದ್ದೆಯ ಕೂಲಿಗೆಂದು ಕಲ್ಕತ್ತೆಯಲ್ಲಿ ಹಡಗೇರಿದ ಹಿಂದೂಸ್ಥಾನಿಗಳ ಸಂತತಿಯೂ ಇಂದು ಅಲ್ಲಿ ಹೆಚ್ಚೂಕಡಿಮೆ ಸಮಸಮ. ಡ್ಯಾರನ್ನನ ಮನೆಯವರು ಈ ಎರಡನೆಯವರ ಪೈಕಿ. ದೀಪಾವಳಿಗೂ ಈದಿಗೂ ಕ್ರಿಸ್‌ಮಸ್ಸಿಗೂ ಸರ್ಕಾರಿ ರಜೆ. ಎಲ್ಲರ ಮಾತೂ ಹಾಡಿನ ಹಾಗೆ ಏರಿಳಿಯುವ ಒಂದು ಬಗೆಯ ಇಂಗ್ಲಿಷ್. ಅಜ್ಜ ಅಜ್ಜಿಯರ ಭೋಜಪುರಿ ಈಗ ಮದುವೆ ಹಾಡುಗಳಲ್ಲಿ ಮಾತ್ರ ಉಸಿರಾಡುತ್ತಿದೆ.

ಈ ಸಮಸ್ತ ಪಾಂಡಿತ್ಯವನ್ನು ಅಮ್ಮನ ಮುಂದೆ ಸುರಿದೆ. ನಾನೂ ಹೆಂಡತಿಯೂ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ನಿಧಿಯನ್ನು ಎತ್ತಿ ಆಡಿಸಿ, ಕೈತುತ್ತು ಹಾಕಿ, ಕನ್ನಡ ಕಲಿಸಿದವಳು ನಮ್ಮಮ್ಮ. ಅವಳು ಹುರುಳಿಕಾಯಿ ಹೆಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲಾ ಸರಿ ಕಣೋ, ಗೋತ್ರ ಯಾವುದು?" ಅಂದಳು.

ಡ್ಯಾರನ್‌ಗೆ ಗೊತ್ತಿರಲಿಲ್ಲ, ಅವನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೇವಸ್ಥಾನದ ಶಾಸ್ತ್ರಿಗಳಿಗೆ ಫೋನ್ ಮಾಡಿದೆ. "ಅಷ್ಟೇನಾ ಸಾರ್? ಗೊತ್ತಿಲ್ಲದೋರಿಗೆಲ್ಲಾ ಕಾಶ್ಯಪ ಗೋತ್ರ ಅಂತ ಹೇಳಿಬಿಡೋದು. ನಡೆದು ಬಂದಿರೋ ಪದ್ಧತೀನೇ," ಅಂದರು ಅವರು. ಆಹಾ, ಎಷ್ಟು ಸುಲಭ! ನಾನು ಅಡುಗೆಮನೆಗೆ ಧಾವಿಸಿ, "ಕಾಶ್ಯಪ ಗೋತ್ರ ಅಮ್ಮಾ!" ಎಂದು ಜಯಘೋಷ ಮಾಡಿದೆ.

ಅಮ್ಮನ ಕೈಯಲ್ಲಿದ್ದ ಚಾಕು ನಿಂತಿತು. "ಅಯ್ಯೋ ರಾಮ! ನಮ್ಮದೇನೋ ಮತ್ತೆ?"

ನಮ್ಮದೂ ಕಾಶ್ಯಪವೇ. ವರ್ಷಕ್ಕೊಮ್ಮೆ ಜನಿವಾರ ಬದಲಿಸುವಾಗ ಪುರೋಹಿತರ ಹಿಂದೆ ಗೊಣಗಿ, ಪಾಯಸದ ಹೊತ್ತಿಗೆ ಮರೆತುಬಿಡುವ ನನ್ನಂಥ ವಿಪ್ರೋತ್ತಮನಲ್ಲದೆ ಇಂಥ ಅವಿವೇಕವನ್ನು ಇನ್ನಾರು ಮಾಡಿಯಾರು? ಒಂದೇ ಗೋತ್ರದವರೆಂದರೆ ಅಣ್ಣ ತಂಗಿಯರ ಲೆಕ್ಕ, ಮದುವೆ ಕೂಡದು. ಇಲ್ಲದ ಗೋತ್ರವೊಂದನ್ನು ಫೋನಿನಲ್ಲಿ ತರಿಸಿ, ಕೂಡಿಬಂದ ಸಂಬಂಧಕ್ಕೆ ನಾನೇ ಕಲ್ಲು ಹಾಕಿದ್ದೆ. ಅದು ಸುಮ್ಮನೆ ಹಚ್ಚಿದ ಹೆಸರು, ನಿಜದಲ್ಲಿ ಅವರಿಗೆ ಗೋತ್ರವೇ ತಿಳಿಯದು ಎಂದು ತಿಪ್ಪೆ ಸಾರಿಸಲು ನೋಡಿದೆ. ಅಮ್ಮನ ಮುಖ ಇನ್ನಷ್ಟು ಬಿಗಿಯಿತು.

"ಅದು ಇನ್ನೂ ಚೆನ್ನಾಯ್ತು. ಹಿಂದು ಮುಂದು ಯಾವುದೂ ಗೊತ್ತಿಲ್ಲ ಅಂತಾಯ್ತು. ಮದುವೆ ಮಾಡ್ಕೊಳ್ಳಿ, ನಾನೇನು ಅಡ್ಡ ಬರಲ್ಲ. ಆದ್ರೆ ಮಂಟಪಕ್ಕೆ ಬರಲ್ಲ."

ನಿಧಿಗೆ ಇದು ತಿಳಿದಾಗ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಧೈರ್ಯವಿರುತ್ತಿತ್ತು. "ಅಜ್ಜಿ ಇಲ್ದಿದ್ರೆ ನಂಗೆ ಮಂಟಪಾನೇ ಬೇಡ ಅಪ್ಪ. ಕೋರ್ಟ್‌ಹೌಸಲ್ಲಿ ಸೈನ್ ಮಾಡ್ತೀವಿ, ದಟ್ಸ್ ಇಟ್," ಅಂದಳು. ಅಂದಿನಿಂದ ಅಜ್ಜಿ ಮೊಮ್ಮಗಳು ಒಂದೇ ಸೂರಿನಡಿ ಒಬ್ಬರ ಮುಖ ಒಬ್ಬರು ನೋಡದೆ ಓಡಾಡಿದರು. ನನಗೆ ಹೆದರಿಕೆಯಾಯಿತು. ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಳ್ಳುತ್ತೇನೆ, ಅದೂ ನನ್ನ ಬಾಯಿಯಿಂದಲೇ, ಎಂಬ ಹೆದರಿಕೆ.

ಅಷ್ಟರಲ್ಲಿ ಡ್ಯಾರನ್ನನ ಮನೆಯಿಂದ ಭಾನುವಾರದ ಊಟಕ್ಕೆ ಕರೆ ಬಂತು. "ಕರೆದಿದ್ದಾರೆ, ಬಂದು ಹೋಗ್ತೀನಿ. ಆದ್ರೆ ಅಲ್ಲಿ ಕೈ ತೊಳೆಯಲ್ಲ," ಎಂದಳು ಅಮ್ಮ. ಬೀಗರ ಮನೆಯಲ್ಲಿ ಊಟ ಮಾಡದೆ ಏಳುವುದೆಂದರೆ ಸಂಬಂಧ ಬೇಡವೆಂದು ಮುಖಕ್ಕೆ ಹೇಳಿದಂತೆಯೇ. ಲಾಂಗ್ ಬೀಚಿನವರೆಗೂ ಕಾರಿನಲ್ಲಿ ದಾರಿ ತೋರಿಸುವ ಫೋನಿನ ಹೆಣ್ಣುಮಗಳ ಹೊರತು ಯಾರೂ ತುಟಿ ಬಿಚ್ಚಲಿಲ್ಲ. ದಿನವೂ ಶಪಿಸುವ ಫ್ರೀವೇಯ ಟ್ರಾಫಿಕ್ಕು ಅಂದು ಇನ್ನಷ್ಟು ಹೆಚ್ಚಲಿ ಎಂದು ನಾನು ಬೇಡಿಕೊಂಡೆ.

ಬಂದರಿನ ಕ್ರೇನುಗಳು ದೂರದಲ್ಲಿ ಕಾಣುವ ಬೀದಿಯಲ್ಲಿ ಅವರ ಮನೆ. ಅಂಗಳದಲ್ಲಿ ಬಿದಿರುಗಳ ಸಾಲು, ತುದಿಗೆ ಕೆಂಪು, ಹಳದಿ, ಬಿಳಿ ಬಾವುಟಗಳು. ಪೂಜೆಯಾದಾಗಲೆಲ್ಲ ದೇವರ ಹೆಸರಿನಲ್ಲಿ ಒಂದು ಬಾವುಟ ನೆಡುವುದು ಟ್ರಿನಿಡಾಡಿನ ಹಿಂದೂಗಳ ಪದ್ಧತಿಯಂತೆ; ಕೆಂಪು ಆಂಜನೇಯನಿಗೆ. ಅಮ್ಮ ಕೆಂಪು ಬಾವುಟಕ್ಕೆ ಕೈ ಮುಗಿದಳು, ಆದರೆ ಮುಖ ಸಡಿಲಿಸಲಿಲ್ಲ. ಬಾಗಿಲಲ್ಲಿ ತಲೆಗೆ ಬಿಳಿ ಸೆರಗು ಹೊದ್ದು ನಿಂತಿದ್ದವರು ಡ್ಯಾರನ್ನನ ಅಪ್ಪನ ತಾಯಿ. ಒಳಗೆ ಮೇಜಿನ ಮೇಲೆ ಬಾಳೆಯೆಲೆ ಹಾಸಿದ್ದರು. ಶುಭಕಾರ್ಯಕ್ಕೆ ಎಲೆಯ ಮೇಲೆಯೇ ಬಡಿಸುವುದು ಅವರಲ್ಲೂ ರೂಢಿ. ಬೇಳೆ ತುಂಬಿದ ರೊಟ್ಟಿ, ಕುಂಬಳಕಾಯಿ ಪಲ್ಯ, ಕಡಲೆಯ ಸಾರು, ಮಾವಿನ ಉಪ್ಪಿನಕಾಯಿ. ಡ್ಯಾರನ್ ಸೌಟು ಹಿಡಿದು ಅಮ್ಮನ ಪಕ್ಕಕ್ಕೆ ಬಂದ. ಅಮ್ಮ ಎಲೆಯ ಮೇಲೆ ಕೈ ಅಡ್ಡ ಇಟ್ಟಳು.

ಸೌಟಿನ ಪಲ್ಯ ಸೌಟಿನಲ್ಲೇ ಉಳಿಯಿತು. ಹಸಿವಿಲ್ಲವೇ ಎಂದು ಆ ಅಜ್ಜಿ ಇಂಗ್ಲಿಷಿನಲ್ಲಿ ಕೇಳಿದರು. ನಾನು ಅಮ್ಮನ ಹೊಟ್ಟೆನೋವು ಇತ್ಯಾದಿ ಸುಳ್ಳುಗಳನ್ನು ಜೋಡಿಸುತ್ತಿರುವಾಗಲೇ ನಿಧಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು: ಗೋತ್ರವೆಂದರೇನು, ಅದಿಲ್ಲದೆ ತನ್ನ ಅಜ್ಜಿ ಯಾಕೆ ಉಣ್ಣಲಾರಳು, ಎಲ್ಲವನ್ನೂ. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಆ ಅಜ್ಜಿ ಸಿಟ್ಟಾಗಲಿಲ್ಲ. ಕುರ್ಚಿ ಎಳೆದುಕೊಂಡು ಅಮ್ಮನ ಎದುರು ಕೂತು ಮಾತಾಡತೊಡಗಿದರು. ನಿಧಿ ತನ್ನ ಅರ್ಧಂಬರ್ಧ ಕನ್ನಡದಲ್ಲಿ ಒಂದೊಂದೇ ಮಾತನ್ನು ದಾಟಿಸಿದಳು.

"ಋಷಿ ಹೆಸರು ಗೊತ್ತಿಲ್ವಂತೆ ಅಜ್ಜಿ. ಆದ್ರೆ ಯಾರನ್ನ ಮದುವೆ ಆಗಬಾರದು ಅಂತ ಅವರಿಗೂ ರೂಲ್ ಇತ್ತಂತೆ. ಇವರ ಅಜ್ಜಿ ಹಡಗಲ್ಲಿ ಬಂದಾಗ ಜೊತೇಲಿ ಯಾರೂ ಇರ್ಲಿಲ್ವಂತೆ. ಅದೇ ಹಡಗಲ್ಲಿ ಬಂದವರನ್ನೆಲ್ಲಾ ಅಣ್ಣ, ತಂಗಿ ಅಂದ್ಕೊಂಡ್ರಂತೆ. ಅವರ ಮಕ್ಕಳು, ಮೊಮ್ಮಕ್ಕಳೂ ಬ್ರದರ್ಸ್, ಸಿಸ್ಟರ್ಸ್. ಮದುವೆ ಇಲ್ಲ."

ಅಮ್ಮ ತಲೆಯೆತ್ತಿದಳು.

"ಇವರಿಗೆ ಪಕ್ಕದ ಓಣಿ ಹುಡುಗ ತುಂಬಾ ಇಷ್ಟ ಇದ್ದನಂತೆ," ನಿಧಿಯ ದನಿ ತಗ್ಗಿತು. "ಅವನ ತಾತ ಅದೇ ಹಡಗಲ್ಲಿ ಬಂದಿದ್ರಂತೆ. ಇವರ ಅಪ್ಪ, ಅವನು ನಿಂಗೆ ಅಣ್ಣ ಆಗ್ತಾನೆ, ಆಗಲ್ಲ ಅಂದ್ಬಿಟ್ರಂತೆ."

"ಆಮೇಲೆ?" ಅಮ್ಮ ಕೇಳಿದಳು. ಮನೆಯೊಳಗೆ ಕಾಲಿಟ್ಟ ಮೇಲೆ ಅವಳಾಡಿದ ಮೊದಲ ಮಾತು ಅದು.

"ತುಂಬಾ ಅತ್ತರಂತೆ. ಆಮೇಲೆ ಬೇರೆ ಹಡಗಿನವರ ಮನೆಗೆ ಕೊಟ್ರಂತೆ."

ಊರು, ಜಾತಿ, ಗೋತ್ರ ಎಲ್ಲವನ್ನೂ ಕಡಲಿಗೆ ಒಪ್ಪಿಸಿ ಇಳಿದ ಆ ಜನ ದಡದಲ್ಲಿ ಮೊದಲು ಕಟ್ಟಿಕೊಂಡದ್ದು ಮನೆಯನ್ನಲ್ಲ, ಬಳಗವನ್ನು. ಹಾಗೂ ಅದರ ಕಟ್ಟುಪಾಡಿಗೆ ತಲೆಬಾಗಿ ಒಬ್ಬ ಹುಡುಗಿ ತನ್ನ ಒಲವನ್ನೇ ಬಿಟ್ಟುಕೊಟ್ಟಿದ್ದಳು. ಗೋತ್ರವನ್ನು ಗೊಣಗಿ ಮರೆಯುವ ನನಗೆ ನಾಚಿಕೆಯಾಯಿತು. ಅಮ್ಮ ಆ ವೃದ್ಧೆಯ ಮುಖವನ್ನೇ ನೋಡುತ್ತಿದ್ದಳು. ಅವರಿಬ್ಬರ ಕಣ್ಣೂ ಒದ್ದೆಯಾಗಿದ್ದವು.

"ಕೇಳೇ ಅವರನ್ನ," ಎಂದಳು ಅಮ್ಮ ನಿಧಿಗೆ. "ಆ ಹಡಗಲ್ಲಿ ನಮ್ಮ ಕಡೆಯೋರು ಯಾರಾದ್ರೂ ಇದ್ರಾ?"

ನಿಧಿ ಕೇಳುವ ಗೋಜಿಗೇ ಹೋಗಲಿಲ್ಲ. "ಇಲ್ಲ ಅಜ್ಜಿ. ಯಾರೂ ಇರ್ಲಿಲ್ಲ."

"ಮತ್ತೆ? ಗೋತ್ರ ಬೇರೆ ಆಯ್ತಲ್ಲ." ಅಮ್ಮ ಎಲೆಯ ಮೇಲಿಂದ ಕೈ ತೆಗೆದಳು. "ಆ ಹುಡುಗನ್ನ ಎಷ್ಟು ಹೊತ್ತು ನಿಲ್ಲಿಸ್ತೀರಾ? ಬಡಿಸೋಕೆ ಹೇಳು."

ಡ್ಯಾರನ್ ಬಡಿಸಿದ. ಬೇಕಾದ್ದಕ್ಕಿಂತ ಹೆಚ್ಚೇ ಬಡಿಸಿದ. ಅಮ್ಮ ಸಾಕು ಅನ್ನಲಿಲ್ಲ.